ಕಿಟಕಿ ಸೀಟು

ಎಸ್ಟಿಮೇಟಿನ ಮೂರನೇ ಹಾಳೆ, ಹದಿನೇಳನೇ ಸಾಲು:
'ಅಡಿಗೆಮನೆಯ ಪೂರ್ವದ ಕಿಟಕಿಗೆ
ಕೂರಲು ಕಲ್ಲಿನ ಕಟ್ಟೆ. ಮೂವತ್ತೆಂಟು ಸಾವಿರ.'
ಇಂಜಿನಿಯರ್ ಹುಡುಗ ಅದರ ಸುತ್ತ
ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿದ.
'ಇದು ಬೇಕಾ ಮೇಡಂ? ಒಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡ್ರೆ ಆಯ್ತಲ್ಲ.'

ನಾನೇನೂ ಅನ್ನಲಿಲ್ಲ.
ಹತ್ತೊಂಬತ್ತು ವರ್ಷ ದಾವಣಗೆರೆ–ಜಗಳೂರು ಬಸ್ಸಿನಲ್ಲಿ
ಕಂಬಕ್ಕೆ ಸೊಂಟ ಆನಿಸಿ ಟಿಕೆಟ್ ಹರಿದವಳು,
ಕಿಟಕಿ ಪಕ್ಕ ನಿದ್ದೆ ಹೋದವರ ಭುಜ ತಟ್ಟಿ
'ಬಿಳಿಚೋಡು, ಇಳೀರಿ' ಅಂದವಳು.
ಕಂಡಕ್ಟರಿಗೆ ಸೀಟು ಇಲ್ಲವೇ ಅನ್ನಬೇಡಿ,
ಇದೆ. ಅದರ ಮೇಲೆ ಯಾರದೋ ಮಗು,
ಯಾರದೋ ಬಾಳೆಗೊನೆ.

ಆವರಗೆರೆ ದಾಟಿ ಮೂವತ್ತು ನಲವತ್ತರ ಸೈಟು.
ಏಳು ಚದರ, ಚದರಕ್ಕೆ ಎರಡು ಲಕ್ಷ ಹತ್ತು ಸಾವಿರ.
ಹದಿನಾಲ್ಕು ಎಪ್ಪತ್ತು. ಕಾಗದದ ಮೇಲೆ ಎಲ್ಲ ಹೊಂದಿತ್ತು.

ಗುದ್ದಲಿ ಬಿದ್ದ ದಿನ ನೆಲ ಬಾಯಿಬಿಟ್ಟಿತು.
ಎರೆ. ಕಪ್ಪಗೆ, ಅಂಟಂಟಾಗಿ.
ಮೇಸ್ತ್ರಿ ಓಬಳೇಶಿ ಒಂದು ಹಿಡಿ ತೆಗೆದು
ಮುದ್ದೆ ಕಟ್ಟಿ ಅಂಗೈ ಮೇಲಿಟ್ಟು ತೋರಿಸಿದ:
'ಅಕ್ಕ, ಇದು ಮಳೆಗೆ ಉಬ್ಬತೈತಿ, ಬಿಸಿಲಿಗೆ ಬಿರಿತೈತಿ.
ನಾಲ್ಕಡಿ ಸಾಲಂಗಿಲ್ಲ. ಗೊರಚು ಸಿಗೋ ತನಕ ಇಳೀಬೇಕು.'
ಏಳೂವರೆ ಅಡಿ ಇಳಿದೆವು.
ಯಾರ ಕಣ್ಣಿಗೂ ಎಂದೂ ಬೀಳದ ಜಾಗದಲ್ಲಿ
ಒಂದು ಲಕ್ಷ ಎಪ್ಪತ್ತೆರಡು ಸಾವಿರ ಹೂತು
ಮೇಲೆ ಮಣ್ಣೆಳೆದೆವು.
ಅತ್ತೆ ಹಾಲಮ್ಮ ಅದರ ಮೇಲೊಂದು ಚೆಂಡುಹೂ ಇಟ್ಟರು.

ಅಂದು ರಾತ್ರಿಯಿಂದ ಶುರು, ಹೊಡೆದು ಹಾಕುವ ಕೆಲಸ.
ಸಾಗವಾನಿ ಮತ್ತಿಯಾಯಿತು, ಮತ್ತಿ ಬೇವಾಯಿತು.
ಗ್ರಾನೈಟು ಟೈಲ್ಸಾಯಿತು.
ಕಾಂಪೌಂಡು, 'ಮುಂದಿನ ವರ್ಷ' ಆಯಿತು.
ಮಹಡಿಗೆಂದು ಹತ್ತಿದ ಮೆಟ್ಟಿಲು
ಮೇಲೆ ಹೋಗಿ, ಮಹಡಿ ಕಾಣದೆ, ಅಲ್ಲೇ ನಿಂತಿತು.
ಮುರಿಗೇಶ ತನ್ನ ಗಾಡಿ ಶೆಡ್ಡನ್ನು ತಾನೇ ಹೊಡೆದ.
ಎರಡು ಗೆರೆ ಎಳೆದ. ಒಂದು ಸಾಕಿತ್ತು.
ಪ್ರತಿ ಸಲವೂ ಅವನ ಪೆನ್ನು ಹದಿನೇಳಕ್ಕೆ ಬಂದು
ನನ್ನ ಮುಖ ನೋಡಿ ಮುಂದೆ ಹೋಗುತ್ತಿತ್ತು,
ಕೈ ಮಾಡದ ಸ್ಟಾಪಿನಲ್ಲಿ ಬಸ್ಸು
ಸ್ವಲ್ಪ ನಿಧಾನಿಸಿ ಹೋಗುತ್ತದಲ್ಲ, ಹಾಗೆ.

ಡಿಪೋದಲ್ಲಿ ಲೆಕ್ಕ ಒಪ್ಪಿಸುವಾಗ
ಮೂರು ರೂಪಾಯಿ ಕಡಿಮೆ ಬಿದ್ದರೂ ಕೈಯಿಂದ ಕಟ್ಟಿದವಳು ನಾನು.
ಇಲ್ಲಿ ಹದಿಮೂರು ಸಾವಿರ ಎಲ್ಲಿ ಇಳಿದುಹೋಯಿತೋ!
ಮಂಡಿಪೇಟೆ ರಸೀದಿ, ಕ್ರಷರಿನ ಚೀಟಿ,
ಗಾರೆಯವರ ಸಂಜೆ ಮಂಡಕ್ಕಿ, ಮೆಣಸಿನಕಾಯಿ,
ಕರೆಂಟು ಕೊಟ್ಟವನ ಕೈಗೆ ಇಟ್ಟದ್ದು,
ಎಲ್ಲ ಕೂಡಿದರೂ ಹೊಂದಲಿಲ್ಲ.
ಚಿಲ್ಲರೆ ಬಾಕಿ ಬರೆಯುವ ಹಾಗೆ
ಎಸ್ಟಿಮೇಟಿನ ಬೆನ್ನಿಗೆ ಹದಿಮೂರು ಎಂದು ಬರೆದು
ಸುತ್ತಿಟ್ಟಿದ್ದೇನೆ. ಇಳಿಯುವಾಗ ಯಾರಲ್ಲಿ ಕೇಳಲಿ?

ಕಡೆಗೆ ಕಟ್ಟೆಗೆ ದುಡ್ಡಿರಲಿಲ್ಲ.
ಕೂಡಿಟ್ಟ ರಜೆಯಲ್ಲಿ ಹದಿನೈದು ದಿನ ಮಾರಿದೆ.
ಅರ್ಜಿಗೆ ಸಹಿ ಹಾಕುವಾಗ ನಗು ಬಂತು:
ಕೂರುವ ದಿನಗಳನ್ನು ಕೊಟ್ಟು
ಕೂರುವ ಜಾಗ ಕೊಳ್ಳುತ್ತಿದ್ದೇನೆ.
ಬಂದದ್ದಕ್ಕೆ ತಕ್ಕ ಹಾಗೆ ಕಲ್ಲು ಕಡಪವಾಯಿತು,
ಉದ್ದ ಒಂದಡಿ ತಗ್ಗಿತು.

ಬಣ್ಣ ಇನ್ನೂ ಆಗಿಲ್ಲ. ಸೋಮವಾರ ಬೆಳಿಗ್ಗೆ
ಖಾಲಿ ಸಿಮೆಂಟು ಚೀಲ ಹಾಸಿ ಕೂತೆ.
ಬಿಸಿಲು ಮೊಣಕಾಲಿನ ತನಕ ಬಂತು.
ಪಕ್ಕದ ಸೈಟಿನಲ್ಲಿ ಸುಣ್ಣದ ಗೆರೆ ಬಿದ್ದಿತ್ತು,
ನನ್ನ ಕಿಟಕಿಯಿಂದ ಮೂರೇ ಅಡಿಗೆ.
ಶ್ರಾವಣದೊಳಗೆ ಅಲ್ಲೊಂದು ಗೋಡೆ.

ಗೆರೆಯ ಒಡತಿ ದ್ರಾಕ್ಷಾಯಣಿ ನಮ್ಮನೆ ನೋಡಲು ಬಂದರು,
ಕೈಯಲ್ಲಿ ಹೊಸ ಎಸ್ಟಿಮೇಟು.
'ನಿಮಗೆ ಚದರಕ್ಕೆ ಎಷ್ಟು ಬಿತ್ತು?'
ಎಷ್ಟು ಅಂತ ಹೇಳಲಿ?
'ಮೊದಲು ನೆಲ ತೋಡಿಸಿ ನೋಡ್ರಿ' ಅಂದೆ.
ಹಾಳೆ ತಿರುವುತ್ತಾ ಅವರು ನಿಂತೇ ಇದ್ದರು.
ನಿಂತವರನ್ನು ಕಂಡರೆ ನನಗೆ ತಡೆಯುವುದಿಲ್ಲ.
ಸ್ವಲ್ಪ ಒಳಗೆ ಸರಿದೆ.